ಶರಣಸತಿಯ ಪದ ಹಾಡುವವರಿಗೆ ಆರು ಪಾಠ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಅಮಾಸಿ ರಾತ್ರಿ ತತ್ವಪದದ ಭಜನೆ ಕೂಡುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು, ಶಹಾಬಾದದ ಗಣಿಯಲ್ಲಿ ಫರಸಿ ತೆಗೆಯುವವರು, ತೊಗರಿ ಬೆಳೆಯುವ ರೈತರು ಒಂದೇ ಏಕತಾರಿಗೆ ದನಿಗೂಡಿಸುತ್ತಾರೆ. ಅಲ್ಲಿ ಹಾಡುವ ಎಷ್ಟೋ ಪದಗಳಲ್ಲಿ ದೇವರು ಗಂಡ, ಹಾಡುವವರು ಹೆಂಡತಿ; ಶರಣ ಸತಿ, ಲಿಂಗ ಪತಿ. ಈ ಪದಗಳನ್ನು ಹಾಡುತ್ತ ಬಾಳಿದವನಾಗಿ ಎಳೆಯರಿಗೆ ಇಷ್ಟು ಹೇಳಬೇಕೆನಿಸಿದೆ.

೧. ಹೆಣ್ಣಿನ ದನಿ ತೆಗೆಯಬೇಡಿ

ಸತಿಪತಿ ಪದ ಬಂದೊಡನೆ ಕೆಲವು ಗಂಡಸರು ದನಿ ಸಣ್ಣ ಮಾಡುತ್ತಾರೆ, ಕೈ ತಿರುವುತ್ತಾರೆ. ಅದು ವೇಷವಾಯಿತು. ವಚನಕಾರ ಉರಿಲಿಂಗದೇವ ಗಂಡಸಾಗಿಯೇ ಲಿಂಗವನ್ನು ಗಂಡನೆಂದು ಕರೆದ. ನಿಮ್ಮ ಹುಟ್ಟುದನಿಯಲ್ಲೇ ಹಾಡಿ. ಪಲ್ಲವಿ ಮರಳಿ ಬಂದಂತೆಲ್ಲ ಒಳಗಿನ ಬಿಗುವು ಸಡಿಲಬೇಕು, ಅಷ್ಟೇ.

೨. ಸತಿಪತಿ ಪದವನ್ನು ಮೊದಲಿಗೇ ಎತ್ತಬೇಡಿ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಶರಣರ ಸಾಧನೆಯ ಆರು ನೆಲೆಗಳಾದ ಈ ಷಟ್‌ಸ್ಥಲದಲ್ಲಿ ಶರಣನದು ಐದನೆಯ ನೆಲೆ. ಸತಿಭಾವ ಬಲಿಯುವುದು ಅಲ್ಲಿ. ಅದಕ್ಕೂ ಮೊದಲು ದಾಸೋಹ, ನಿಷ್ಠೆ, ಪ್ರಸಾದಬುದ್ಧಿ ಬರಬೇಕು. ಭಜನೆಯನ್ನೂ ಹಾಗೇ ಕಟ್ಟಿ. ಮೊದಲು ಗುರುವಿನ ಪದ, ಆಮೇಲೆ ನೀತಿಯ ಪದ, ವೈರಾಗ್ಯದ ಪದ. ರಾತ್ರಿ ಏರಿ, ಕೂತವರ ಮನಸ್ಸು ಹದಗೊಂಡ ಮೇಲೆ ಸತಿಪತಿ ಪದ.

೩. ಹೆಣ್ಣು ದೇವರಲ್ಲೂ ಇದ್ದಾಳೆ

ವೀರಶೈವ ಗ್ರಂಥಕಾರ ಮಾಯಿದೇವನ 'ಅನುಭವಸೂತ್ರ' ಹೇಳುವಂತೆ ಒಂದೇ ಪರವಸ್ತು ಲಿಂಗವೂ ಆಯಿತು, ಅಂಗವೂ, ಎಂದರೆ ಜೀವವೂ, ಆಯಿತು. ಅದರ ಶಕ್ತಿಯೂ ಎರಡಾಗಿ ಲಿಂಗದಲ್ಲಿ ಕಲೆಯಾಗಿ, ಅಂಗದಲ್ಲಿ ಭಕ್ತಿಯಾಗಿ ನಿಂತಿತು. ಲೋಕದತ್ತ ಹರಿದದ್ದು ಶಕ್ತಿ, ಮೂಲದತ್ತ ಮರಳುವುದು ಭಕ್ತಿ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೀಮೆಯ ದಂಡೆಯ ಸನ್ನತಿಯಲ್ಲಿ ದೇವಿ ಚಂದ್ರಲಾಂಬೆ ಇದ್ದಾಳೆ. ಯಾನಾಗುಂದಿಯ ಗುಡ್ಡದಲ್ಲಿ 2020ರವರೆಗೆ ಬಾಳಿದ ಮಾಣಿಕೇಶ್ವರಿ ಮಾತೆಯನ್ನು ಜನ ಅಮ್ಮನೆಂದೇ ಪೂಜಿಸಿದರು. ಪತಿಯೆಂದು ಹಾಡಿಸಿಕೊಳ್ಳುವ ದೇವರೇ ತಾಯಿಯೂ ಹೌದೆಂಬುದು ನೆನಪಿರಲಿ.

೪. ದೂರದವರ ದಾರಿಯನ್ನೂ ತಿಳಿಯಿರಿ

ಯಹೂದಿ ಅನುಭಾವಿಗಳ ಕಬ್ಬಾಲಾದಲ್ಲೂ ಗಂಡು ಹೆಣ್ಣಿನ ಕೂಟವೇ ತಿರುಳು. ಹದಿಮೂರನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕಿಗೆ ಬಂದ 'ಜೋಹರ್' ಗ್ರಂಥದಲ್ಲಿ ದೇವರ ಹತ್ತು ಪ್ರಭೆಗಳ ಮಾತಿದೆ. ಅವುಗಳಲ್ಲಿ ತಿಫೆರೆತ್ ಗಂಡು, ಶೆಖೀನಾ ಹೆಣ್ಣು. ಜನರೊಡನೆ ತಾನೂ ದೇಶಭ್ರಷ್ಟಳಾದ ಶೆಖೀನಾಳನ್ನು ಮನುಷ್ಯರ ಪ್ರಾರ್ಥನೆ, ಸತ್ಕರ್ಮಗಳು ತಿಫೆರೆತ್‌ನೊಡನೆ ಮತ್ತೆ ಕೂಡಿಸುತ್ತವೆ. ಹದಿನಾರನೇ ಶತಮಾನದಲ್ಲಿ ಗಲಿಲಿಯ ಸಫೇದ್ ಊರಿನ ಸಾಧಕರು ಶುಕ್ರವಾರ ಸಂಜೆ ಹೊಲಕ್ಕೆ ಹೋಗಿ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಮದುವಣಗಿತ್ತಿಯೆಂದು ಹಾಡಿ ಕರೆತರುತ್ತಿದ್ದರು. ಅವರಲ್ಲಿ ಸತಿಯೂ ಪತಿಯೂ ದೇವರೊಳಗೇ ಇದ್ದಾರೆ, ಮನುಷ್ಯ ಕೂಡಿಸುವವನು. ಶರಣರಲ್ಲಿ ಮನುಷ್ಯನೇ ಸತಿ. ಈ ಅಂತರ ತಿಳಿದ ಮೇಲೆ ನಮ್ಮ ಪದದ ಭಾರ ನನಗೆ ಇನ್ನೂ ಚೆನ್ನಾಗಿ ತಿಳಿಯಿತು. ನಮ್ಮಲ್ಲಿ ಹಾಡುವವನೇ ಪೂರಾ ಮಾರ್ಪಡಬೇಕು.

೫. ಏಕತಾರಿ ಹೆಣ್ಣುಮಕ್ಕಳ ಕೈಗೂ ಹೋಗಲಿ

ಮುದನೂರಿನ ವಚನಕಾರ ಜೇಡರ ದಾಸಿಮಯ್ಯ ಗಂಡು ಹೆಣ್ಣಿನ ಗುರುತು ಮೈಯದು, ಒಳಗಿನ ಆತ್ಮ ಎರಡೂ ಅಲ್ಲ ಎಂದು ತಿಳಿಸಿಕೊಟ್ಟ. ಅಕ್ಕಮಹಾದೇವಿ ಲೋಕದ ಗಂಡನನ್ನು ತೊರೆದು ಚೆನ್ನಮಲ್ಲಿಕಾರ್ಜುನನನ್ನು ವರಿಸಿದಳು. ಹೀಗಿರುವಾಗ ಹೆಂಗಸರನ್ನು ಹಿಂದೆ ಕೂಡಿಸಿ, ಸತಿಯ ಪದವನ್ನು ಗಂಡಸರಷ್ಟೇ ಹಾಡುವುದು ಯಾವ ನ್ಯಾಯ? ಅವರು ಸೊಲ್ಲು ಎತ್ತಲಿ, ನಾವು ಹಿಂದಿನಿಂದ ದನಿಗೂಡಿಸೋಣ.

೬. ಮನೆಯಲ್ಲಿ ಕಾಣದ ಭಾವ ಸುಳ್ಳು

ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದು ಬರಲು ಹೇಳಿದಳು. ಅವನು ಕೇಳಿದ. ಗಂಡಸಿನಲ್ಲಿ ಸತಿಭಾವ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನಾನು ಕಾಣೆ. ರಾತ್ರಿಯೆಲ್ಲ ದೇವರ ಮುಂದೆ ಬಾಗಿದವನು ಬೆಳಗಾದ ಮೇಲೆ ಮನೆಯಾಕೆಯ ಮೇಲೆ ಗದರಿದರೆ ಹಾಡಿದ್ದೆಲ್ಲ ಹೊಳೆಗೆ ಹೋಯಿತು. ಹೆಂಡತಿಯ ಮಾತಿಗೆ ಕಿವಿಗೊಡುವುದನ್ನು ಮೊದಲು ಕಲಿಯಿರಿ. ಶರಣಸತಿಯ ಪದ ಆಮೇಲೆ ತಾನಾಗಿ ಕೈಹಿಡಿಯುತ್ತದೆ.