ದ್ವಿಚಕ್ರ ವಾಹನಕ್ಕೆ ಜಿ.ಪಿ.ಎಸ್.: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಕಾಫಿ ಕೊಯ್ಲು ಹಿಡಿಯುವ ಮೊದಲು ನಮ್ಮ ಸದಸ್ಯ ಬಂಧುಗಳಲ್ಲಿ ಕೆಲವರು ಉತ್ತರ ಕರ್ನಾಟಕದ ಕಡೆಗೆ ಒಂದು ಸಲ ಹೋಗಿ ಬರುವುದುಂಟು. ಹಣ್ಣು ಕೊಯ್ಯಲು ಬರುವ ತಂಡದ ಮೇಸ್ತ್ರಿಯನ್ನು ಅವರ ಮನೆಯಲ್ಲೇ ಕಂಡು, ಎಷ್ಟು ಜನ, ಎಂದಿನಿಂದ, ಕೂಲಿ ಎಷ್ಟು, ಬಿಡಾರ ಹೇಗೆ ಎಂಬುದನ್ನು ಎದುರು ಕುಳಿತು ಮಾತಾಡಿಕೊಂಡರೆ ಆ ಮಾತು ನಿಲ್ಲುತ್ತದೆ. ಬಸ್ಸಿನಲ್ಲಿ ಹೋದರೆ ಹಳ್ಳಿಯಿಂದ ಹಳ್ಳಿಗೆ ತಿರುಗುವುದು ಕಷ್ಟ, ಕಾರು ಎಲ್ಲರ ಕೈಗೆಟುಕುವುದಿಲ್ಲ. ಹೀಗಾಗಿ ಬೈಕಿನಲ್ಲೇ ಹೊರಡುವವರು ಇದ್ದಾರೆ. ಅವರಲ್ಲಿ ಹಲವರು ನಮ್ಮನ್ನು ಕೇಳಿದ ಪ್ರಶ್ನೆ ಇದು: ದಾರಿ ತೋರಿಸುವ ಜಿ.ಪಿ.ಎಸ್. ಉಪಕರಣ ಕೊಳ್ಳಬೇಕೇ, ಕೊಂಡರೆ ಯಾವುದು?

ಈ ವಿಷಯದಲ್ಲಿ ನಾವು ಮೊದಲು ತಪ್ಪಿ, ಆಮೇಲೆ ಕಲಿತವರು. ಒಂದು ಅಕ್ಟೋಬರಿನಲ್ಲಿ ನಿಡಗುಂದಿಯ ಕಡೆ ಹೋಗಿದ್ದೆವು. ನಮ್ಮಲ್ಲಿ ಹಿರಿಯರು ಇಂದಿಗೂ 'ಹದಿಮೂರನೇ ನಂಬರ್ ರಸ್ತೆ' ಎನ್ನುತ್ತಾರಲ್ಲ, ಮಂಗಳೂರಿನಿಂದ ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ ಹಾದು ವಿಜಯಪುರ, ಸೊಲ್ಲಾಪುರಕ್ಕೆ ಹೋಗುತ್ತಿದ್ದ ಆ ಹೆದ್ದಾರಿಯ ಮೇಲೆಯೇ ನಿಡಗುಂದಿ ಇದೆ. ಕೃಷ್ಣಾ ನದಿ ದಾಟಿದರೆ ಸಿಗುತ್ತದೆ, ತೀರ್ಥಹಳ್ಳಿಯಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೆದ್ದಾರಿ ಬಿಡುವವರೆಗೆ ತೊಂದರೆ ಇರಲಿಲ್ಲ. ಅಲ್ಲಿಂದ ಆಲಮಟ್ಟಿ ಜಲಾಶಯದ ಹಿನ್ನೀರಿನ ಅಂಚಿನ ಒಂದು ಹಳ್ಳಿಗೆ ಹೋಗಬೇಕಾಗಿತ್ತು. ಫೋನಿನ ನಕ್ಷೆ 'ನೇರ ಹೋಗಿ' ಎಂದಿತು, ಹೋದೆವು. ಡಾಂಬರು ಮುಗಿದು ಮಣ್ಣು ದಾರಿ ಬಂತು, ಮಣ್ಣು ದಾರಿ ಮುಗಿದು ನೀರು ಬಂತು. ಹೊತ್ತು ಮುಳುಗುತ್ತಿತ್ತು. ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತು, "ಈ ರಸ್ತಾ ನೀರಾಗ ಹೋಗೇತ್ರಿ. ಊರು ಮ್ಯಾಲ ಬಂದೈತಿ. ನಿಮಗ ಯಾವುದು ಬೇಕಾಗಿತ್ರಿ, ಹಳೇದೋ ಹೊಸಾದೋ?" ಎಂದರು. ಗಾಡಿ ತಿರುಗಿಸಿಕೊಂಡು ಹೊಸ ಊರು ಸೇರುವಾಗ ರಾತ್ರಿ ಎಂಟು ದಾಟಿತ್ತು. ಮೇಸ್ತ್ರಿ ನಮಗಾಗಿ ಕಾದು ಕಾದು, ಮರುದಿನ ಬೆಳಿಗ್ಗೆ ಬೇರೆ ತೋಟದವರೊಡನೆ ಮಾತಾಡಲು ಒಪ್ಪಿಕೊಂಡುಬಿಟ್ಟಿದ್ದರು. ಆ ವರ್ಷ ನಮಗೆ ಅರ್ಧ ತಂಡ ಮಾತ್ರ ಬಂತು.

ಇಲ್ಲಿ ಉಪಕರಣ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ಅದು ಕೊನೆಯವರೆಗೂ ಸರಿಯಾಗಿಯೇ ತೋರಿಸುತ್ತಿತ್ತು. ಸುಳ್ಳು ಹೇಳಿದ್ದು ನಕ್ಷೆ. ಇವೆರಡೂ ಬೇರೆ ಬೇರೆ ಎಂಬುದು ಮನಸ್ಸಿಗೆ ಬಂದರೆ ಯಾವುದಕ್ಕೆ ಹಣ ಹಾಕಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆಯೇ.

ಜಿ.ಪಿ.ಎಸ್. ಎಂಬುದು ಅಮೆರಿಕದ ಉಪಗ್ರಹ ವ್ಯವಸ್ಥೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸದಾ ಸಮಯದ ಸಂಕೇತ ಕಳುಹಿಸುತ್ತಿರುತ್ತವೆ. ಅವುಗಳಲ್ಲಿ ಕನಿಷ್ಠ 4 ಉಪಗ್ರಹಗಳ ಸಂಕೇತ ಕೇಳಿಸಿದರೆ ನಮ್ಮ ಕೈಯಲ್ಲಿರುವ ಉಪಕರಣ ತನ್ನ ಸ್ಥಾನವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಉದ್ದೇಶಪೂರ್ವಕವಾಗಿ ಮಾಡುತ್ತಿದ್ದ ಮಸುಕನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಜನಸಾಮಾನ್ಯರಿಗೂ ಇದು ಕೆಲವೇ ಮೀಟರುಗಳ ನಿಖರತೆಯಲ್ಲಿ ಸಿಗುತ್ತಿದೆ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ ಎಂಬುದು ಕಾಫಿ ಸೀಮೆಯವರಿಗೆ ಹೆಮ್ಮೆಯ ಸಂಗತಿ. ಫೋನಿನ ವಿವರದಲ್ಲಿ ನಾವಿಕ್ ಎಂದಿದ್ದರೆ ಒಳ್ಳೆಯದೇ. ಆದರೆ ಅದೊಂದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

"ನಮ್ಮ ತೋಟದಲ್ಲಿ ಟವರೇ ಸಿಗುವುದಿಲ್ಲ, ಜಿ.ಪಿ.ಎಸ್. ಹೇಗೆ ನಡೆಯುತ್ತದೆ?" ಎಂದು ಕೇಳುವವರು ಬಹಳ. ನಡೆಯುತ್ತದೆ. ಉಪಗ್ರಹದ ಸಂಕೇತಕ್ಕೆ ಟವರು ಬೇಡ, ಇಂಟರ್‌ನೆಟ್ ಬೇಡ, ಸಿಮ್ ಕೂಡ ಬೇಡ. ಇಂಟರ್‌ನೆಟ್ ಬೇಕಾಗುವುದು ನಕ್ಷೆ ತರಿಸಿಕೊಳ್ಳುವುದಕ್ಕೆ. ಮನೆಯಲ್ಲಿರುವಾಗಲೇ ನಕ್ಷೆಯನ್ನು ಫೋನಿನೊಳಗೆ ಇಳಿಸಿಕೊಂಡರೆ ದಾರಿಯಲ್ಲಿ ಟವರ್ ಸಿಗದಿದ್ದರೂ ಚಿಂತೆಯಿಲ್ಲ. ಆದರೆ ಟವರಿನ ಸಹಾಯ ಇಲ್ಲದಿದ್ದಾಗ ಮೊದಲ ಸಲ ಸ್ಥಾನ ಹಿಡಿಯಲು ಕೆಲವು ನಿಮಿಷಗಳೇ ಬೇಕಾಗಬಹುದು. ಸಿಲ್ವರ್ ಓಕ್ ಕೆಳಗೋ ಅಡಿಕೆ ತೋಟದೊಳಗೋ ನಿಂತು ಪರೀಕ್ಷಿಸಿ 'ಇದು ಸರಿಯಿಲ್ಲ' ಎನ್ನುವುದು ನ್ಯಾಯವಲ್ಲ. ಕಣದಲ್ಲಿ, ಆಕಾಶ ಚೆನ್ನಾಗಿ ಕಾಣುವಲ್ಲಿ, ಐದು ನಿಮಿಷ ಇಟ್ಟು ನೋಡಿ.

ಇನ್ನು ಅಂಗಡಿಯ ಮಾತು. 'ಬೈಕಿಗೆ ಜಿ.ಪಿ.ಎಸ್. ಕೊಡಿ' ಎಂದು ಕೇಳಿದರೆ ಕೆಲವೆಡೆ ಒಂದು ಸಣ್ಣ ಕಪ್ಪು ಡಬ್ಬಿ ಕೊಡುತ್ತಾರೆ. ಬೆಲೆಯೂ ಕಡಿಮೆ. ಅದು ದಾರಿ ತೋರಿಸುವುದಲ್ಲ. ಗಾಡಿ ಎಲ್ಲಿದೆ ಎಂದು ಮಾಲೀಕನ ಫೋನಿಗೆ ತಿಳಿಸುವ ಟ್ರ್ಯಾಕರ್ ಅದು. ಕಳ್ಳತನದ ಭಯ ಇರುವವರಿಗೆ ಉಪಯೋಗವಾದೀತು, ಅದಕ್ಕೆ ಸಿಮ್ ಮತ್ತು ರೀಚಾರ್ಜ್ ಖರ್ಚು ಬೇರೆ. ನಮ್ಮ ಸದಸ್ಯರೊಬ್ಬರು ಇದನ್ನೇ ದಾರಿತೋರುಗ ಎಂದು ತಿಳಿದು ಕೊಂಡು ತಂದು, ಪರದೆ ಎಲ್ಲಿ ಎಂದು ಹುಡುಕಿದ್ದರು.

ಮೋಟಾರ್ ಸೈಕಲ್ಲಿಗೆಂದೇ ಮಾಡಿದ ಉಪಕರಣಗಳೂ ಉಂಟು. ಗಾರ್ಮಿನ್ ಕಂಪನಿಯ ಜೂಮೊ ಅಂಥದ್ದು. ಮಳೆ, ಬಿಸಿಲು, ಅದುರಾಟ ಎಲ್ಲವನ್ನೂ ತಡೆಯುತ್ತವೆ, ಗ್ಲೌಸ್ ಹಾಕಿದ ಕೈಗೂ ಪರದೆ ಕೇಳುತ್ತದೆ. ಒಳ್ಳೆಯ ವಸ್ತುವೇ. ಆದರೆ ಬೆಲೆ ಹತ್ತಾರು ಸಾವಿರ. ವರ್ಷಕ್ಕೆ ಒಂದೆರಡು ಸಲ ದೂರ ಹೋಗುವ ಸಣ್ಣ ಬೆಳೆಗಾರರು ಅದಕ್ಕೆ ಹಣ ಹಾಕುವುದು ನಮಗೆ ಸರಿ ಕಾಣುವುದಿಲ್ಲ. ಆ ದುಡ್ಡಿಗೆ ತೋಟದಲ್ಲಿ ಬೇಕಾದಷ್ಟು ಕೆಲಸವಿದೆ. ಕೈಯಲ್ಲಿ ಹಿಡಿಯುವ ಚಾರಣದ ಉಪಕರಣಗಳು ಗಟ್ಟಿಯಾಗಿರುತ್ತವೆ, ಸೆಲ್ಲಿನ ಮೇಲೆ ದಿನಗಟ್ಟಲೆ ನಡೆಯುತ್ತವೆ. ಪರದೆ ಚಿಕ್ಕದು, ಬೈಕಿನ ಮೇಲಿಂದ ಓದುವುದು ಕಷ್ಟ.

ನಮ್ಮ ಅಭಿಪ್ರಾಯದಲ್ಲಿ ಸಣ್ಣ ಬೆಳೆಗಾರರಿಗೆ ತಕ್ಕದ್ದು ಎರಡನೇ ಫೋನು. ಮನೆಯಲ್ಲಿ ಮಕ್ಕಳು ಬದಲಾಯಿಸಿ ಇಟ್ಟ ಹಳೆಯ ಫೋನಾದರೂ ಸರಿ, ಇಲ್ಲದಿದ್ದರೆ ಹತ್ತು ಸಾವಿರ ರೂಪಾಯಿಯ ಒಳಗಿನ ಹೊಸದು. ಮಾತಾಡುವ ಫೋನು ಜೇಬಿನಲ್ಲೇ ಇರಲಿ. ದಾರಿ ತೋರಿಸುವ ಫೋನಿನ ಬ್ಯಾಟರಿ ಮುಗಿದರೂ, ಬಿದ್ದು ಒಡೆದರೂ ಮನೆಗೆ ಮಾತಾಡಲು ಒಂದು ಉಳಿದಿರುತ್ತದೆ. ಇನ್ನೊಂದು ಕಾರಣವೂ ಇದೆ. ಬೈಕ್ ಎಂಜಿನ್ನಿನ ಜೋರಾದ ಅದುರಾಟದಿಂದ ಫೋನಿನ ಕ್ಯಾಮರಾ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಚಿತ್ರ ಅಲುಗದಂತೆ ಲೆನ್ಸನ್ನೇ ಕದಲಿಸುವ ನಾಜೂಕು ಭಾಗ ಇರುವ ದುಬಾರಿ ಫೋನುಗಳಿಗೆ ಈ ಅಪಾಯ. ಅಗ್ಗದ ಫೋನಿನಲ್ಲಿ ಸಾಮಾನ್ಯವಾಗಿ ಆ ಭಾಗವೇ ಇರುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದನ್ನು ಹೇಳುತ್ತೇವೆ. ಅಂಗಡಿಯ ಹೊರಗೆ ಬಂದು, ಡೇಟಾ ಆಫ್ ಮಾಡಿ, ಸ್ಥಾನ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ. ಕೆಲವು ಅಗ್ಗದ ಫೋನುಗಳಲ್ಲಿ ದಿಕ್ಸೂಚಿ ಇರುವುದಿಲ್ಲ. ಹಾಗಿದ್ದರೆ ಗಾಡಿ ನಿಂತಿರುವಾಗ ಬಾಣದ ಗುರುತು ಯಾವುದೋ ಕಡೆ ತಿರುಗಿರುತ್ತದೆ, ಹತ್ತು ಮಾರು ಮುಂದೆ ಹೋದ ಮೇಲೆಯೇ ಸರಿಯಾಗುವುದು. ನಾಲ್ಕು ದಾರಿ ಕೂಡುವಲ್ಲಿ ಇದು ಗೊಂದಲ ಮಾಡುತ್ತದೆ. 'ಎಲ್5' ಅಥವಾ ಎರಡು ತರಂಗಾಂತರ ಎಂದು ವಿವರದಲ್ಲಿದ್ದರೆ ಮರದ ನೆರಳಿನಲ್ಲೂ ಸ್ಥಾನ ಹೆಚ್ಚು ಸರಿಯಾಗಿ ಬರುತ್ತದೆ, ಘಟ್ಟದವರಿಗೆ ಇದು ಅನುಕೂಲ. ಪರದೆ ಬಿಸಿಲಿನಲ್ಲಿ ಕಾಣಬೇಕು. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಅದಿಲ್ಲದಿದ್ದರೆ ನಮ್ಮ ಮಳೆಗೆ ಪ್ಲಾಸ್ಟಿಕ್ ಚೀಲವೇ ಗತಿ. ವಿಜಯಪುರ ಸೀಮೆಯ ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ನೇರ ಬಿಸಿಲಿಗೆ ಫೋನು ಕಾದು ತಾನೇ ಆರಿಹೋಗುತ್ತದೆ. ಮಧ್ಯಾಹ್ನ ಅದನ್ನು ಕಳಚಿ ನೆರಳಿನಲ್ಲಿಡಬೇಕು.

ಹಿಡಿಕೆಗೆ ಹಣ ಉಳಿಸಬೇಡಿ. ಹ್ಯಾಂಡಲ್ಲಿಗೆ ಬೋಲ್ಟ್ ಹಾಕಿ ಬಿಗಿಯುವ ಲೋಹದ ಕ್ಲಾಂಪೇ ಆಗಬೇಕು. ರಬ್ಬರ್ ಪಟ್ಟಿಯದು ಮೊದಲ ಹಂಪಿಗೇ ಫೋನನ್ನು ಬಿಸಾಡುತ್ತದೆ. ಚಾರ್ಜಿಗೆ ಬ್ಯಾಟರಿಯಿಂದ ವೈರ್ ಎಳೆಯುವುದಾದರೆ ನಡುವೆ ಫ್ಯೂಸ್ ಇರಲಿ, ಕೀ ಹಾಕಿದಾಗ ಮಾತ್ರ ಕರೆಂಟು ಬರುವ ವೈರಿಗೇ ಜೋಡಿಸಲಿ. ಇಲ್ಲವಾದರೆ ಎರಡು ದಿನ ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿದುಹೋಗಬಹುದು. ಇದು ಬೇಡ ಎನಿಸಿದರೆ ಪವರ್ ಬ್ಯಾಂಕ್ ಸಾಕು.

ಕಾನೂನಿನ ವಿಷಯ ಒಂದು ಮಾತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಚಾಲಕನ ಗಮನ ಕೆಡದ ರೀತಿಯಲ್ಲಿ ದಾರಿ ನೋಡುವುದಕ್ಕೆ ಮಾತ್ರ ಫೋನ್ ಬಳಸಬಹುದು. ಕೈಯಲ್ಲಿ ಹಿಡಿದು ಮಾತಾಡುವುದು ಅಪರಾಧವೇ. ಗುರಿಯನ್ನು ಗಾಡಿ ನಿಲ್ಲಿಸಿಯೇ ಬರೆಯಿರಿ. ಕನ್ನಡದಲ್ಲಿ ದಾರಿ ಹೇಳುವ ಧ್ವನಿಯೂ ಇದೆ. ಒಂದು ಕಿವಿಗೆ ಮಾತ್ರ ಹಾಕಿಕೊಂಡರೆ ಲಾರಿಯ ಹಾರ್ನ್ ಕೇಳಿಸುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ನಕ್ಷೆ ಸರಿ ಇಲ್ಲದಿದ್ದರೆ ನಮಗಾದದ್ದೇ ಆಗುತ್ತದೆ. ನಿಡಗುಂದಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲೊಂದು, ಗದಗ ಜಿಲ್ಲೆಯಲ್ಲೊಂದು ನಿಡಗುಂದಿ ಇದೆ. ನಮ್ಮ ನಿಡಗುಂದಿ ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ಅದೇ ತಾಲ್ಲೂಕು ಕೇಂದ್ರ. ಜಿಲ್ಲೆಯ ಹೆಸರು 2014ರಲ್ಲಿ ಬಿಜಾಪುರದಿಂದ ವಿಜಯಪುರವಾಯಿತು. ರಸ್ತೆಯೂ ಹಾಗೆಯೇ. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾಯಿಸಿದಾಗ ಹಳೆಯ 13 ಹೋಗಿ, ನಿಡಗುಂದಿಯಿಂದ ಚಿತ್ರದುರ್ಗದವರೆಗೆ 50, ಅಲ್ಲಿಂದ ಶಿವಮೊಗ್ಗಕ್ಕೆ 369, ಶಿವಮೊಗ್ಗದಿಂದ ಮಂಗಳೂರಿಗೆ 169 ಎಂದಾಯಿತು. ಜನ ಒಂದು ನಂಬರ್ ಹೇಳುತ್ತಾರೆ, ಪರದೆ ಇನ್ನೊಂದು ಹೇಳುತ್ತದೆ.

ಹಿನ್ನೀರಿನ ಸಂಗತಿ ಇನ್ನೂ ಸೂಕ್ಷ್ಮ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಆ ನೀರಿಗೆ ಎಷ್ಟೋ ಊರುಗಳು ಮುಳುಗಿ, ಅದೇ ಹೆಸರಿನಲ್ಲಿ ಮೇಲಿನ ಪುನರ್ವಸತಿ ಕೇಂದ್ರಗಳಿಗೆ ಬಂದಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ದಾರಿಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಆಗ ತೆಗೆದ ಉಪಗ್ರಹ ಚಿತ್ರ ನೋಡಿ ನಕ್ಷೆ ಬರೆದರೆ ಅಕ್ಟೋಬರಿನ ತುಂಬಿದ ಜಲಾಶಯದ ಮೇಲೂ ರಸ್ತೆ ಇದ್ದಂತೆ ತೋರುತ್ತದೆ. ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಯೂ ಇದೆ, ಅದಾದರೆ ನಕ್ಷೆ ಮತ್ತೆ ಬದಲಾಗಬೇಕು. ಗೂಗಲ್ ನಕ್ಷೆಯ ದ್ವಿಚಕ್ರ ವಾಹನದ ದಾರಿ 2017ರಲ್ಲಿ ಮೊದಲು ಬಂದದ್ದು ನಮ್ಮ ದೇಶಕ್ಕೇ. ಪೇಟೆಯೊಳಗೆ ಅದು ಉಪಕಾರಿ. ಆದರೆ ಇಂಥ ಸೀಮೆಯಲ್ಲಿ, ಯಾವ ನಕ್ಷೆಯಾದರೂ ಸರಿ, ಕಾರು ಹೋಗದ ಒಳದಾರಿ ತೋರಿಸಿದರೆ ಒಬ್ಬರನ್ನು ಕೇಳಿಯೇ ಇಳಿಯಬೇಕು.

ನಾವು ಈಗ ಮಾಡುವುದು ಹೀಗೆ. ಹೊರಡುವ ಹಿಂದಿನ ದಿನ ಮೇಸ್ತ್ರಿಗೆ ಫೋನ್ ಮಾಡಿ, ಅವರ ಮನೆಯ ಅಂಗಳದಲ್ಲಿ ನಿಂತು ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸಲು ಹೇಳುತ್ತೇವೆ. ಊರಿನ ಹೆಸರು ಬರೆದು ಹುಡುಕುವ ಗೊಡವೆಗೆ ಹೋಗುವುದಿಲ್ಲ. ಬಂದ ಗುರುತನ್ನು ಎರಡನೇ ಫೋನಿನಲ್ಲಿ ಉಳಿಸಿಕೊಂಡು, ಶಿವಮೊಗ್ಗದಿಂದ ವಿಜಯಪುರದವರೆಗಿನ ನಕ್ಷೆಯನ್ನು ಹೊಸದಾಗಿ ಇಳಿಸಿಕೊಳ್ಳುತ್ತೇವೆ. ಹಿಂದೆ ಇಳಿಸಿದ್ದಕ್ಕೆ ಅವಧಿ ಮುಗಿದಿರುವುದುಂಟು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಓಸ್ಮ್ಯಾಂಡ್ ನಕ್ಷೆಯನ್ನೂ ಪಕ್ಕಕ್ಕೆ ಇಟ್ಟುಕೊಂಡಿದ್ದೇವೆ. ಎರಡು ನಕ್ಷೆಗಳು ಬೇರೆ ಬೇರೆ ದಾರಿ ತೋರಿಸಿದ ಕಡೆ ನಿಂತು, ಚಹಾದ ಅಂಗಡಿಯಲ್ಲಿ ಕೇಳುತ್ತೇವೆ.

ಕೆಲವರು ಇದೇ ಫೋನಿನಿಂದ ತೋಟದ ಗಡಿ ಅಳೆಯಬಹುದೇ ಎಂದೂ ಕೇಳಿದ್ದಾರೆ. ವಿಸ್ತೀರ್ಣದ ಅಂದಾಜಿಗೆ ಆಗುತ್ತದೆ. ಐದು ಮೀಟರ್ ಆಚೀಚೆ ಆಗುವ ಸಾಧನ ಹಿಡಿದು ಪಕ್ಕದ ತೋಟದವರ ಬೇಲಿಯ ತಕರಾರಿಗೆ ಮಾತ್ರ ಹೋಗಬೇಡಿ. ಅದಕ್ಕೆ ಸರ್ವೆಯವರೇ ಬರಬೇಕು.