ಮಳೆಯೂ ಕಡಲ ಮುಳುಗುಗಾರನೂ

ನೀರಿನೊಳಗೆ ಮುಳುಗಿರುವವನಿಗೆ ಮಳೆಯ ಭಯವೇಕೆ? ಅವನ ಮೈ ಹೇಗೂ ನೆನೆದೇ ಇರುವುದಷ್ಟೆ! ಮೊದಲ ನೋಟಕ್ಕೆ ಈ ಪ್ರಶ್ನೆ ನ್ಯಾಯವಾದುದೆಂದೇ ತೋರುತ್ತದೆ. ಗಾಳಿಯನ್ನು ಒತ್ತಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತು ಹದಿನೈದು ಮೀಟರ್ ಆಳದಲ್ಲಿ ಈಜುವ ಸ್ಕೂಬಾ ಮುಳುಗುಗಾರನಿಗೆ ಮಳೆಹನಿಗಳ ಪೆಟ್ಟು ತಗಲುವುದಿಲ್ಲ. ಆದರೂ ಭಾರಿ ಮಳೆ ಸುರಿದಾಗ ದ್ವೀಪಗಳಲ್ಲಿ ಮುಳುಗುವುದನ್ನು ನಿಲ್ಲಿಸುತ್ತಾರೆ. ಬಿಸಿಲು ಬಂದ ಮೇಲೂ ಕೆಲವು ವೇಳೆ ದಿನಗಟ್ಟಲೆ ಕಾಯುತ್ತಾರೆ. ಹೀಗೇಕೆಂಬುದನ್ನು ನಾವು ತರಗತಿಯಲ್ಲಿ ಕಲಿಯುವ ಕೆಲವು ನಿಯಮಗಳಿಂದಲೇ ತಿಳಿಯಬಹುದು.

ಥಾಯ್ಲೆಂಡ್ ಕೊಲ್ಲಿಯಲ್ಲಿ ಕೊ ತಾವ್ ಎಂಬ ಚಿಕ್ಕ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್. ಮುಳುಗುವ ವಿದ್ಯೆಯನ್ನು ಕಲಿಯಲು ಲೋಕದ ನಾನಾ ಭಾಗಗಳಿಂದ ಜನ ಅಲ್ಲಿಗೆ ಬರುತ್ತಾರೆ. ಅಲ್ಲಿ ಮಳೆ ಹೆಚ್ಚಾಗಿ ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮಾರ್ಚ್ ಸಾಮಾನ್ಯವಾಗಿ ಒಣಹವೆಯ ತಿಂಗಳು. ಆದರೆ 2011ರ ಮಾರ್ಚ್ ಕೊನೆಯಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಅಕಾಲದ ಮಳೆ ಸುರಿದು ಪ್ರವಾಹ ಬಂದಿತು. ದೋಣಿಗಳ ಸಂಚಾರ ನಿಂತುಹೋಗಿ, ಕೊ ತಾವ್‌ನಲ್ಲಿ ಸಿಕ್ಕಿಕೊಂಡಿದ್ದ ನೂರಾರು ಪ್ರವಾಸಿಗಳನ್ನು ಕರೆತರಲು ಆ ದೇಶದ ನೌಕಾಪಡೆ ತನ್ನ ವಿಮಾನವಾಹಕ ಹಡಗನ್ನೇ ಕಳುಹಿಸಬೇಕಾಯಿತು. ಇದು ಎಲ್ಲರ ಕಣ್ಣಿಗೂ ಕಂಡ ಸಂಕಟ. ಇಂತಹ ಮಳೆಯಿಂದ ನೀರಿನೊಳಗೆ ಏನಾಗುತ್ತದೆಂಬುದನ್ನು ನಾವೀಗ ನೋಡೋಣ.

ಕೊ ತಾವ್‌ನಷ್ಟು ದೊಡ್ಡ ದ್ವೀಪದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದಿತೆಂದು ಭಾವಿಸಿರಿ. ಲೆಕ್ಕ ಹಾಕಿದರೆ ಆ ನೀರಿನ ಮೊತ್ತ 210 ಕೋಟಿ ಲೀಟರ್ ಆಗುತ್ತದೆ. ಸಮುದ್ರದ ಮೇಲೆಯೇ ಬಿದ್ದ ಮಳೆ ಶುದ್ಧ ನೀರು. ಅದರಿಂದ ಅಷ್ಟೇನೂ ಕೇಡಿಲ್ಲ. ಆದರೆ ಇಳಿಜಾರಾದ ನೆಲದ ಮೇಲೆ ಬಿದ್ದ ನೀರು ಬರಿಗೈಯಲ್ಲಿ ಕಡಲಿಗೆ ಹೋಗುವುದಿಲ್ಲ. ಗುಡ್ಡದ ಮಣ್ಣನ್ನೂ ರಸ್ತೆಯ ಧೂಳನ್ನೂ ಚರಂಡಿಯ ಹೊಲಸನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಾಡು ಕಡಿದು ಕಟ್ಟಡ ಕಟ್ಟಿರುವ ಕಡೆ ಮಣ್ಣು ಇನ್ನೂ ಹೆಚ್ಚು ಸಡಿಲವಾಗಿರುತ್ತದೆ.

ಹೀಗೆ ಕದಡಿದ ನೀರಿನಲ್ಲಿ ಬೆಳಕಿನ ಗತಿಯೇನು? ಪ್ರತಿ ಮೀಟರ್ ನೀರು ತನ್ನೊಳಗೆ ಬಂದ ಬೆಳಕಿನಲ್ಲಿ ನೂರಕ್ಕೆ 95 ಭಾಗವನ್ನು ಮುಂದಕ್ಕೆ ಬಿಡುವುದಾದರೆ, 10 ಮೀಟರ್ ಆಳದಲ್ಲಿ ಸುಮಾರು 60 ಭಾಗ ಉಳಿದಿರುತ್ತದೆ. ಕದಡಿದ ನೀರು ಪ್ರತಿ ಮೀಟರಿಗೂ ಅರ್ಧ ಬೆಳಕನ್ನು ನುಂಗುವುದಾದರೆ, ಅದೇ ಆಳದಲ್ಲಿ ಉಳಿಯುವುದು 1,024ರಲ್ಲಿ ಒಂದು ಭಾಗ ಮಾತ್ರ! ಕೈದೀಪ ಹೊತ್ತಿಸಿದರೂ ಪ್ರಯೋಜನ ಕಡಮೆ. ಮಂಜಿನಲ್ಲಿ ಮೋಟಾರು ಗಾಡಿಯ ದೀಪ ಚಾಲಕನ ಕಣ್ಣನ್ನೇ ಕುಕ್ಕುವಂತೆ, ಮಣ್ಣಿನ ಕಣಗಳು ದೀಪದ ಬೆಳಕನ್ನು ಹಿಂದಕ್ಕೆ ಚದರಿಸುತ್ತವೆ.

ಮುಳುಗುಗಾರರು ಇಬ್ಬಿಬ್ಬರಾಗಿ ಇಳಿಯುವುದು ವಾಡಿಕೆ. ಒಬ್ಬನ ಗಾಳಿ ತೀರಿದರೆ ಇನ್ನೊಬ್ಬನ ಸಿಲಿಂಡರೇ ಅವನ ಪ್ರಾಣಕ್ಕೆ ಆಧಾರ. ಜೊತೆಗಾರ ಕಾಣದಾದರೆ ಒಂದು ನಿಮಿಷ ಹುಡುಕಿ, ಮೇಲಕ್ಕೆ ಬರಬೇಕೆಂಬುದು ಅವರಿಗೆ ಕಲಿಸುವ ನಿಯಮ. ಚಾಚಿದ ಕೈಯೇ ಮಸುಕಾಗುವ ನೀರಿನಲ್ಲಿ ಜೊತೆಗಾರ ಎರಡು ಬಾರಿ ಕಾಲು ಬಡಿದರೆ ಮರೆಯಾಗುತ್ತಾನೆ. ಕಣ್ಣಿಗೆ ಬಂದ ಕೇಡು ಉಸಿರಿನವರೆಗೂ ಮುಟ್ಟುವುದು ಹೀಗೆ.

ಈ ಕದಡು ಎಷ್ಟು ಕಾಲ ಇರುತ್ತದೆ? ಇದಕ್ಕೆ ಉತ್ತರ 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ನಿಯಮದಲ್ಲಿದೆ. ದ್ರವದಲ್ಲಿ ನಿಧಾನವಾಗಿ ಇಳಿಯುವ ಚಿಕ್ಕ ಗುಂಡು ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಈ ನಿಯಮದಂತೆ 0.02 ಮಿಲಿಮೀಟರ್ ವ್ಯಾಸದ ಮಣ್ಣಿನ ಕಣ ನಿಶ್ಚಲವಾದ ಬೆಚ್ಚನೆಯ ಸಮುದ್ರದಲ್ಲಿ 10 ಮೀಟರ್ ಇಳಿಯಲು ಸುಮಾರು 7 ಗಂಟೆ ಬೇಕು. ವ್ಯಾಸ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದಾಗುತ್ತದೆ, ಆದುದರಿಂದ 0.002 ಮಿಲಿಮೀಟರಿನ ಜೇಡಿಕಣಕ್ಕೆ ಹೆಚ್ಚುಕಡಮೆ ಒಂದು ತಿಂಗಳೇ ಬೇಕು! ಅದೃಷ್ಟವಶಾತ್ ಉಪ್ಪುನೀರಿನಲ್ಲಿ ಜೇಡಿಕಣಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿ ಬೇಗ ಇಳಿಯುತ್ತವೆ. ಆದರೆ ಅಲೆಗಳೆದ್ದರೆ ತಳ ಸೇರಿದ ಮಣ್ಣೂ ಮತ್ತೆ ಮೇಲಕ್ಕೇಳುತ್ತದೆ. ಆಕಾಶ ಒಂದು ಗಂಟೆಯಲ್ಲಿ ತಿಳಿಯಾಗಬಹುದು. ಕಡಲಿಗೆ ಆ ಅವಸರವಿಲ್ಲ.

ಸಾಂದ್ರತೆಯ ಸಂಗತಿಯೂ ಒಂದಿದೆ. ಒಂದು ಲೀಟರ್ ಸಿಹಿನೀರಿನ ತೂಕ ಸುಮಾರು 1,000 ಗ್ರಾಂ; ಸಮುದ್ರದ ನೀರಿನದು ಸುಮಾರು 1,025 ಗ್ರಾಂ. ಆದುದರಿಂದ ಪ್ರವಾಹದ ನೀರು ಕೂಡಲೇ ಬೆರೆಯದೆ ಉಪ್ಪುನೀರಿನ ಮೇಲೆ ಪದರವಾಗಿ ಹರಡಿಕೊಳ್ಳುತ್ತದೆ. ಎರಡು ನೀರೂ ಬೆರೆಯುವ ಎಡೆಯಲ್ಲಿ ವಕ್ರೀಭವನಾಂಕ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ, ಒಲೆಯ ಮೇಲಣ ಬಿಸಿಗಾಳಿಯಲ್ಲಿ ಕಾಣುವಂತೆ, ಆಕೃತಿಗಳು ನಡುಗುತ್ತವೆ. ತನ್ನ ಸಲಕರಣೆಗಳೊಡನೆ 90 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುವ ಮುಳುಗುಗಾರನಿಗೆ ಉಪ್ಪುನೀರಿನಲ್ಲಿ ದೊರೆಯುವ ಆಧಾರಕ್ಕಿಂತ ಸಿಹಿನೀರಿನಲ್ಲಿ ದೊರೆಯುವುದು ಸುಮಾರು 2¼ ಕಿಲೋಗ್ರಾಂನಷ್ಟು ಕಡಮೆ. ಆರ್ಕಿಮಿಡೀಸನ ತತ್ತ್ವದ ಫಲವಿದು! ದಣಿದು ಮೇಲಕ್ಕೆ ಬರುವಾಗಲೇ ಅವನಿಗೆ ತನ್ನ ಮೈ ಭಾರವೆನಿಸುತ್ತದೆ.

ಇದೇ ಪದರ ಹವಳದ ಜೀವಿಗಳಿಗೆ ಮೃತ್ಯುವಾಗಬಲ್ಲುದು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ತೀರದಲ್ಲಿರುವ ಕೆಪೆಲ್ ದ್ವೀಪಗಳ ಸುತ್ತ 1991ರಲ್ಲಿ ಫಿಟ್ಸ್‌ರಾಯ್ ನದಿಯ ಪ್ರವಾಹ ಹರಡಿದಾಗ ಕಡಮೆ ಆಳದಲ್ಲಿದ್ದ ಹವಳಗಳು ಬಹಳವಾಗಿ ಸತ್ತವು. ಸಿಹಿನೀರು ಮೇಲೆಯೇ ತೇಲಿದುದರಿಂದ ಆಳದಲ್ಲಿದ್ದವು ಹೆಚ್ಚಾಗಿ ಉಳಿದುಕೊಂಡವು. ಮುಳುಗುಗಾರರು ನೋಡಬಯಸುವ ಸೊಬಗೇ ಹೀಗೆ ಅಳಿದರೆ ಮರಳಿ ಬೆಳೆಯಲು ವರ್ಷಗಳೇ ಬೇಕು.

ನೀರು ತಿಳಿಯಾದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ಚರಂಡಿಯಿಂದ ಬಂದ ರೋಗಾಣುಗಳು ಕಣ್ಣಿಗೆ ಕಾಣವು. ಅಮೆರಿಕದ ಕ್ಯಾಲಿಫೋರ್ನಿಯ ತೀರದಲ್ಲಿ ಮಳೆಯ ನಂತರ 72 ಗಂಟೆಗಳ ಕಾಲ ಕಡಲಿಗೆ ಇಳಿಯಬಾರದೆಂದು ಆರೋಗ್ಯಾಧಿಕಾರಿಗಳು ಎಚ್ಚರಿಸುವುದು ಇದಕ್ಕಾಗಿಯೇ.

ನಮ್ಮ ಕನ್ನಡ ಕರಾವಳಿಯಲ್ಲಿಯೂ ಮುರ್ಡೇಶ್ವರಕ್ಕೆ ಎದುರಾಗಿ ಕಡಲೊಳಗಿರುವ ನೇತ್ರಾಣಿ ದ್ವೀಪದ ಬಳಿ ಮುಳುಗುವವರಿದ್ದಾರೆ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಆ ಕಾರ್ಯ ನಿಲ್ಲುತ್ತದೆ. ಅಕ್ಟೋಬರಿನ ಹೊತ್ತಿಗೆ ಮತ್ತೆ ಆರಂಭವಾಗುತ್ತದೆ. ಮಳೆಗಾಲದಲ್ಲಿ ಹೊನ್ನಾವರದ ಬಳಿ ಕೆಂಪಾಗಿ ಕಡಲು ಸೇರುವ ಶರಾವತಿಯನ್ನು ಕಂಡವರಿಗೆ ಮೇಲೆ ಹೇಳಿದ ಕದಡನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ.

ನೀರಿನ ತಿಳಿಯನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಖಗೋಳಜ್ಞ ಬಿಳಿಯ ತಟ್ಟೆಯೊಂದನ್ನು ಹಗ್ಗದಿಂದ ಕಡಲಿಗೆ ಇಳಿಸಿ, ಅದು ಕಣ್ಮರೆಯಾದ ಆಳವನ್ನು ಗುರುತಿಸಿದನು. ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯಲ್ಲಿ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ದಡದ ಕಟ್ಟೆಯ ಮೇಲಿನಿಂದಲೇ ಈ ಪ್ರಯೋಗವನ್ನು ಮಾಡಿ ನೋಡಬಹುದು. ಮಳೆ ಬಂದ ಮರುದಿನದಿಂದ ಹದಿನೈದು ದಿನ ಅಳತೆಗಳನ್ನು ಬರೆದಿಟ್ಟರೆ, ಕೆರೆ ತಿಳಿಯಾಗಲು ಎಷ್ಟು ದಿನ ಬೇಕೆಂಬುದು ಅವರಿಗೇ ತಿಳಿಯುತ್ತದೆ.