ಶಿಕ್ಷಣ ನೇತೃತ್ವದಲ್ಲಿ ಡಾಕ್ಟರೇಟು : ಪದವಿಯೂ ಪ್ರಶ್ನೆಯೂ

ಉತ್ತಮ ಉಪಾಧ್ಯಾಯನಾದವನು ಉತ್ತಮ ಮುಖ್ಯೋಪಾಧ್ಯಾಯನೂ ಆಗಿಯೇ ಆಗುತ್ತಾನೆಂಬ ನಂಬಿಕೆ ಬಹುಕಾಲದಿಂದ ಬಂದುದು. ಇಪ್ಪತ್ತು ವರ್ಷ ಗಣಿತವನ್ನೋ ಕನ್ನಡವನ್ನೋ ಬೋಧಿಸಿದವರಿಗೆ ಸೇವಾ ಹಿರಿತನದ ಮೇಲೆ ಒಂದು ದಿನ ಶಾಲೆಯ ಆಡಳಿತವು ಒಪ್ಪಿಸಲ್ಪಡುತ್ತದೆ. ಅಂದಿನಿಂದ ಅವರ ಮುಂದೆ ಬರುವ ಸಮಸ್ಯೆಗಳೇ ಬೇರೆ. ಶಿಕ್ಷಕರ ನಡುವಣ ಮನಸ್ತಾಪ, ಅನುದಾನದ ಲೆಕ್ಕ, ಪಾಲಕರ ದೂರು, ಇಲಾಖೆಯ ಸುತ್ತೋಲೆ, ಹಿಂದುಳಿದ ಮಕ್ಕಳ ಚಿಂತೆ ಇವೆಲ್ಲವನ್ನೂ ನಿಭಾಯಿಸುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಈ ಕೊರತೆಯ ಅರಿವಿನಿಂದಲೇ ಶೈಕ್ಷಣಿಕ ನೇತೃತ್ವವೆಂಬುದು ಒಂದು ಪ್ರತ್ಯೇಕ ಅಧ್ಯಯನ ವಿಷಯವಾಗಿ ಬೆಳೆಯಿತು. ಅದರಲ್ಲಿ ಡಾಕ್ಟರೇಟು ಪಡೆಯಬೇಕೆಂಬ ಹಂಬಲವು ಶಿಕ್ಷಕವರ್ಗದಲ್ಲಿ ಹೆಚ್ಚುತ್ತಿರುವ ಈ ಕಾಲದಲ್ಲಿ, ಆ ಪದವಿಯ ಸ್ವರೂಪವೇನು, ಅದರಿಂದ ಶಾಲೆಗೆ ಒದಗುವ ಪ್ರಯೋಜನವೇನು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಪದವಿಯ ಸ್ವರೂಪ

ಶಿಕ್ಷಣ ಕ್ಷೇತ್ರದ ಡಾಕ್ಟರೇಟು ಜಗತ್ತಿನಲ್ಲಿ ಎರಡು ರೂಪಗಳಲ್ಲಿ ಕಂಡುಬರುತ್ತದೆ. ಹೊಸ ಜ್ಞಾನದ ಶೋಧನೆಯನ್ನೇ ಗುರಿಯಾಗುಳ್ಳ ಪಿಎಚ್.ಡಿ. ಒಂದು, ವೃತ್ತಿಯಲ್ಲಿರುವವರು ತಮ್ಮ ವೃತ್ತಿಯ ಸಮಸ್ಯೆಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದಕ್ಕೆಂದು ಏರ್ಪಟ್ಟ ಎಡ್.ಡಿ. ಮತ್ತೊಂದು. ಎರಡನೆಯದಕ್ಕೆ ಅಮೆರಿಕೆಯಲ್ಲಿ 1920ರಲ್ಲಿ ಆರಂಭವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗವು ಮೊದಲು ರೂಪ ಕೊಟ್ಟಿತು. ಭಾರತದಲ್ಲಿ ರೂಢಿಯಾಗಿರುವುದು ಪಿಎಚ್.ಡಿ.ಯೇ. ಶಿಕ್ಷಣಶಾಸ್ತ್ರದಲ್ಲಿ ಈ ಪದವಿಯನ್ನು ನಮ್ಮ ದೇಶದಲ್ಲಿ ಮೊದಲು ನೀಡಿದುದು ಮುಂಬಯಿ ವಿಶ್ವವಿದ್ಯಾಲಯ, 1943ರಲ್ಲಿ. ದಿಲ್ಲಿಯಲ್ಲಿ 1962ರಲ್ಲಿ ಏಷ್ಯಾದ ಶಿಕ್ಷಣ ಯೋಜಕರು ಹಾಗೂ ಆಡಳಿತಗಾರರಿಗಾಗಿ ಸ್ಥಾಪಿತವಾದ ಕೇಂದ್ರವು ಮುಂದೆ ರಾಷ್ಟ್ರೀಯ ಸಂಸ್ಥೆಯಾಗಿ, 2006ರಲ್ಲಿ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆಯಿತು. ಅಲ್ಲಿ 2012ರಲ್ಲಿ ಶಾಲಾ ನೇತೃತ್ವದ ಅಧ್ಯಯನಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರವು ತೆರೆಯಿತು. ಧಾರವಾಡದಲ್ಲಿಯೂ ಶಿಕ್ಷಣಾಡಳಿತದ ತರಬೇತಿಗಾಗಿ ರಾಜ್ಯಮಟ್ಟದ ಸಂಸ್ಥೆಯೊಂದಿದೆ.

ನಿಯಮಗಳ ಚೌಕಟ್ಟು

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಪಿಎಚ್.ಡಿ. ಅಧ್ಯಯನದ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ದೊರೆಯಬಹುದು. ಮಹಿಳೆಯರಿಗೂ ಶೇಕಡಾ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಅದಲ್ಲದೆ ಮತ್ತೆ 2 ವರ್ಷಗಳ ರಿಯಾಯಿತಿಯಿದೆ. ಎರಡು ವರ್ಷದ ಸ್ನಾತಕೋತ್ತರ ಪದವಿಯ ಮೂಲಕ ಬರುವವರಿಗೆ ಸಾಮಾನ್ಯವಾಗಿ ಶೇಕಡಾ 55 ಅಂಕಗಳು ಬೇಕು. ಪ್ರಬಂಧಕ್ಕೆ ಮೊದಲು ಕನಿಷ್ಠ 12 ಕ್ರೆಡಿಟ್‌ಗಳ ಪಾಠಕ್ರಮವನ್ನು ಮುಗಿಸಬೇಕು. ಪ್ರತಿ ಸೆಮಿಸ್ಟರಿನಲ್ಲಿಯೂ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಒಪ್ಪಿಸಬೇಕು. ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರು ಪರೀಕ್ಷಕರಾದರೂ ಮಹಾಪ್ರಬಂಧವನ್ನು ಓದಿ ತೀರ್ಪು ಕೊಡುತ್ತಾರೆ. ಅಂಚೆ ಶಿಕ್ಷಣದ ಮೂಲಕ ಈ ಪದವಿಯನ್ನು ಪಡೆಯಲು ಅವಕಾಶವಿಲ್ಲ.

ನೌಕರಿಯಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಅಭ್ಯಾಸ ಮಾಡಬಹುದು. ಆದರೆ ಅದಕ್ಕೆ ಆಡಳಿತ ಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು. ಅಭ್ಯರ್ಥಿಗೆ ಸಂಶೋಧನೆಗೆ ಸಾಕಷ್ಟು ಸಮಯವಿದೆಯೆಂದೂ, ಅಗತ್ಯಬಿದ್ದರೆ ಪಾಠಕ್ರಮ ಮುಗಿಸಲು ಕೆಲಸದಿಂದ ಬಿಡುಗಡೆ ಮಾಡಲಾಗುವುದೆಂದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಈ ಪತ್ರವನ್ನು ಕೇವಲ ಕಚೇರಿಯ ಕಾಗದವೆಂದು ತಿಳಿಯಬಾರದು. ಅದು ಸಂಸ್ಥೆಯು ತನ್ನ ಶಿಕ್ಷಕರಿಗೆ ಕೊಡುವ ವಚನ. ಕೊಟ್ಟ ಬಳಿಕ ಬಿಡುಗಡೆಯನ್ನು ನಿರಾಕರಿಸಿದರೆ ಅಭ್ಯರ್ಥಿಯ ಅಧ್ಯಯನವೂ ಕೆಡುವುದು, ಶಾಲೆಯ ಕೆಲಸವೂ ಕೆಡುವುದು.

ಪ್ರಶ್ನೆಯ ಆಯ್ಕೆ

ನಿಯಮಗಳು ಹೊರಗಿನ ಚೌಕಟ್ಟು ಮಾತ್ರ. ಸಂಶೋಧನೆಯ ಜೀವಾಳವು ಪ್ರಶ್ನೆಯಲ್ಲಿದೆ. ಅನೇಕರು ವಿಷಯವನ್ನು ಆರಿಸುವಾಗ ಗ್ರಂಥಾಲಯದಲ್ಲಿರುವ ಹಳೆಯ ಪ್ರಬಂಧಗಳ ಶೀರ್ಷಿಕೆಗಳನ್ನು ನೋಡಿ, ಊರಿನ ಹೆಸರನ್ನಷ್ಟೇ ಬದಲಿಸಿಕೊಳ್ಳುತ್ತಾರೆ. ಇಂತಹ ಪ್ರಬಂಧವು ಪದವಿಯನ್ನು ತಂದೀತು, ತಿಳಿವನ್ನು ತರಲಾರದು.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯೊಬ್ಬರು ಪಿಎಚ್.ಡಿ.ಗೆ ಸಿದ್ಧರಾಗಿದ್ದಾರೆಂದು ಭಾವಿಸೋಣ. ರೇಲ್ವೆಯ ನೌಕರರು, ಸಣ್ಣ ವ್ಯಾಪಾರಿಗಳು, ದಿನಗೂಲಿಯವರು ಎಲ್ಲರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವ ಶಾಲೆ ಅದು. ದಾಖಲಾತಿ ಪುಸ್ತಕವನ್ನು ತೆರೆದರೆ ಪ್ರತಿವರ್ಷ ಕೆಲವು ಹೆಸರುಗಳ ಮೇಲೆ ಕೆಂಪು ಗೆರೆ ಕಾಣುತ್ತದೆ. ತಂದೆಗೆ ವರ್ಗವಾಗಿ ಬೇರೆ ಊರಿನ ಶಾಲೆ ಸೇರಿದ ಮಗುವಿನ ಹೆಸರಿನ ಮೇಲೂ ಅದೇ ಗೆರೆ. ಮನೆಯ ಬಡತನದಿಂದ ಪುಸ್ತಕ ಬಿಟ್ಟು ಕೆಲಸಕ್ಕೆ ಹೋದ ಮಗುವಿನ ಹೆಸರಿನ ಮೇಲೂ ಅದೇ ಗೆರೆ. ಎಣಿಕೆಯಲ್ಲಿ ಎರಡೂ ಒಂದೇ, ಬಾಳಿನಲ್ಲಿ ಒಂದೇ ಅಲ್ಲ. ಹೀಗೆ ಶಾಲೆ ಬಿಟ್ಟವರಲ್ಲಿ ಎಷ್ಟು ಮಂದಿ ಮತ್ತೊಂದು ಶಾಲೆಯನ್ನು ನಿಜವಾಗಿಯೂ ಸೇರಿದರು? ಸೇರದವರು ಬಿಡುವ ಮೊದಲು ಹಾಜರಿಯಲ್ಲಿ ಯಾವ ಸೂಚನೆ ಕೊಟ್ಟಿದ್ದರು? ಆ ಸೂಚನೆಯನ್ನು ಶಾಲೆಯ ಮುಖ್ಯಸ್ಥರು ಸಕಾಲದಲ್ಲಿ ಗುರುತಿಸಬಹುದಾಗಿತ್ತೇ? ಇವು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆಗಳು. ಏಕೆಂದರೆ ಇವುಗಳ ಉತ್ತರದ ಮೇಲೆ ಒಂದು ಮಗುವಿನ ಭವಿಷ್ಯ ನಿಂತಿದೆ.

ಅಧಿಕಾರ ಮತ್ತು ಸತ್ಯ

ಇಲ್ಲಿ ಒಂದು ಸೂಕ್ಷ್ಮವಾದ ತೊಡಕುಂಟು. ತಮ್ಮ ಶಾಲೆಯನ್ನೇ ಅಭ್ಯಸಿಸುವ ಮುಖ್ಯಸ್ಥರು ಏಕಕಾಲಕ್ಕೆ ಅಧಿಕಾರಿಗಳೂ ಆಗಿರುತ್ತಾರೆ, ಸಂಶೋಧಕರೂ ಆಗಿರುತ್ತಾರೆ. “ನಿಮ್ಮ ಶಾಲೆಯ ನೇತೃತ್ವವು ತೃಪ್ತಿಕರವಾಗಿದೆಯೇ?” ಎಂಬ ಪ್ರಶ್ನಾವಳಿಯನ್ನು ಮುಖ್ಯೋಪಾಧ್ಯಾಯಿನಿಯೇ ಕೈಗಿತ್ತರೆ, ಅವರ ಕೈಕೆಳಗಿನ ಶಿಕ್ಷಕನು “ಇಲ್ಲ” ಎಂದು ಬರೆಯುವನೇ? ರಜೆಯ ಮಂಜೂರಿ ಅವರಿಂದಲೇ ಆಗಬೇಕು, ಸೇವಾವರದಿಯನ್ನೂ ಅವರೇ ಬರೆಯಬೇಕು. ಹೀಗಿರಲು ಬರುವ ಉತ್ತರವು ಸೌಜನ್ಯವಾದೀತೇ ಹೊರತು ಸಾಕ್ಷ್ಯವಾಗದು. ಅಂತಹ ನೂರು ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆದರೂ ಅದು ನೂರು ಪಟ್ಟು ಸೌಜನ್ಯವೇ.

ಇದಕ್ಕೆ ಪರಿಹಾರಗಳಿವೆ. ತಮ್ಮ ಅಧಿಕಾರಕ್ಕೆ ಒಳಪಡದ ಇತರ ಶಾಲೆಗಳನ್ನು ಆರಿಸಿಕೊಳ್ಳಬಹುದು. ಹೆಸರಿಲ್ಲದ ಉತ್ತರಗಳನ್ನು ಮೂರನೆಯವರ ಮೂಲಕ ಸಂಗ್ರಹಿಸಬಹುದು. ಹಾಜರಿ, ದಾಖಲಾತಿ, ಸಭೆಯ ನಡಾವಳಿ ಮೊದಲಾದ ಲಿಖಿತ ದಾಖಲೆಗಳ ಜೊತೆಗೆ ಮಾತನ್ನು ತಾಳೆ ನೋಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತಮಗೆ ಅಪ್ರಿಯವಾದ ಫಲಿತಾಂಶ ಬಂದರೂ ಅದನ್ನು ಹಾಗೆಯೇ ಬರೆಯುವ ಧೈರ್ಯ ಬೇಕು. ಈ ಧೈರ್ಯವು ಅಭ್ಯಾಸವಾದಾಗ ಸಂಶೋಧನೆಯು ನೇತೃತ್ವವನ್ನು ರೂಪಿಸತೊಡಗುತ್ತದೆ. ಸಾಕ್ಷ್ಯಕ್ಕೆ ತಲೆಬಾಗಲು ಕಲಿತ ಮುಖ್ಯಸ್ಥರು ಸಿಬ್ಬಂದಿಯ ಸಭೆಯಲ್ಲಿಯೂ ಎದುರು ಮಾತಿಗೆ ಕಿವಿಗೊಡುತ್ತಾರೆ. ಶರಣರ ಅನುಭವ ಮಂಟಪದ ಪರಂಪರೆಯಲ್ಲಿ ಪ್ರಶ್ನೆ ಕೇಳುವವರ ಜಾತಿಯನ್ನಾಗಲಿ ಅಂತಸ್ತನ್ನಾಗಲಿ ಎಣಿಸಲಿಲ್ಲವೆಂಬುದು ಇಲ್ಲಿ ಸ್ಮರಣೀಯ.

ಇಬ್ಬರು ಹಿರಿಯರು

ಡಾಕ್ಟರೇಟು ಇಲ್ಲದೆ ನೇತೃತ್ವವೇ ಇಲ್ಲವೆಂದು ಹೇಳುವಂತಿಲ್ಲ. ಗೋಕಾವಿಯ ಸೀಮೆಯ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಆದವರು. ಮುಂಬಯಿ ಪ್ರಾಂತದ ಶಿಕ್ಷಣ ನಿರ್ದೇಶಕರಾಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅವರು ಮಾಡಿದ ಕಾರ್ಯಕ್ಕೆ ಧಾರವಾಡದ ಪಾವಟೆ ನಗರವೇ ಸಾಕ್ಷಿ. ಅವರ ನೇತೃತ್ವವು ಸಂಶೋಧನ ಪದವಿಯಿಂದ ಹುಟ್ಟಿದುದಲ್ಲ. ಆದರೂ ತಮ್ಮ ಆಡಳಿತದ ಅನುಭವವನ್ನು ಅವರು ಗ್ರಂಥರೂಪದಲ್ಲಿ ಬರೆದಿಟ್ಟುದು ಗಮನಾರ್ಹ.

ಫ. ಗು. ಹಳಕಟ್ಟಿಯವರಾದರೋ ವಿಜಾಪುರದಲ್ಲಿ ವಕೀಲರಾಗಿದ್ದುಕೊಂಡು ಮನೆಮನೆಯ ತಾಳೆಯೋಲೆಗಳನ್ನು ಅರಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟು ಅರ್ಪಿಸಿದುದು 1956ರಲ್ಲಿ. ಕೆಲಸಕ್ಕೂ ಪದವಿಗೂ ನಡುವೆ ಮೂವತ್ತಮೂರು ವರ್ಷಗಳ ಅಂತರ! ಪದವಿಯು ಕಾಯಕವನ್ನು ಹಿಂಬಾಲಿಸಿ ಬರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಫಲದ ವಿನಿಯೋಗ

ಸಂಶೋಧನೆಗೆ ತೆರುವ ಬೆಲೆ ಸಣ್ಣದಲ್ಲ. ಕೇಶ್ವಾಪುರದಿಂದ ಧಾರವಾಡಕ್ಕೆ ಎಷ್ಟೋ ಸಲದ ಪ್ರಯಾಣ, ಮನೆಯವರಿಗೆ ಸಲ್ಲಬೇಕಾದ ಸಂಜೆಗಳು, ವರ್ಷಗಟ್ಟಲೆ ರಜಾದಿನಗಳು ಅದಕ್ಕೆ ಸಲ್ಲುತ್ತವೆ. ಇಷ್ಟೆಲ್ಲ ತೆತ್ತು ಸಿದ್ಧವಾದ ಮಹಾಪ್ರಬಂಧವು ಕಪಾಟಿನಲ್ಲಿ ಧೂಳು ಹಿಡಿಯಬಾರದು. ಇಂದು ಅನೇಕ ಪ್ರಬಂಧಗಳು ‘ಶೋಧಗಂಗಾ’ ಎಂಬ ರಾಷ್ಟ್ರೀಯ ಗಣಕ ಭಂಡಾರದಲ್ಲಿ ಸರ್ವರಿಗೂ ಓದಲು ದೊರೆಯುತ್ತವೆ. ಅಷ್ಟರಿಂದಲೇ ಕರ್ತವ್ಯ ಮುಗಿಯದು. ಪ್ರಬಂಧದ ಸಾರವನ್ನು ಹತ್ತು ಪುಟಗಳ ಸರಳ ಕನ್ನಡದಲ್ಲಿ ಬರೆದು, ಉತ್ತರ ಕೊಟ್ಟ ಶಿಕ್ಷಕರ ಮುಂದೆಯೂ ಪಾಲಕರ ಮುಂದೆಯೂ ಓದಿ ಹೇಳಬೇಕು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದು ಈ ನೆಲದ ಧರ್ಮ. ಜ್ಞಾನಕ್ಕೂ ಅದು ಅನ್ವಯಿಸುತ್ತದೆ. ಹೆಸರಿನ ಹಿಂದೆ ‘ಡಾಕ್ಟರ್’ ಸೇರಿದ ಮರುವರ್ಷ, ದಾಖಲಾತಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ಮೊದಲು ಮುಖ್ಯೋಪಾಧ್ಯಾಯಿನಿಯು ಆ ಮಗುವಿನ ಮನೆಯ ಬಾಗಿಲು ತಟ್ಟಿ ವಿಚಾರಿಸುವಂತಾದರೆ, ಆ ಪದವಿಯು ಸಾರ್ಥಕವಾಯಿತೆಂದು ತಿಳಿಯಬೇಕು.